ಮೈಕಿನಲ್ಲಿ ಹೇಳಿದ ಒಡಪು

ನಮ್ಮ ಇಳಕಲ್ಲಿಗೆ ಇಂಗ್ಲಿಷ್ ಕಲಿಸುವ ಮಾಸ್ತರರು ಬೇಕಾದಷ್ಟು ಜನ ಬಂದು ಹೋಗಿದ್ದಾರೆ. ಹುಡುಗರು ಇಂಗ್ಲಿಷಿನಲ್ಲಿ ನಪಾಸಾಗುವುದು ಯಾರ ಕಾಲದಲ್ಲೂ ನಿಂತಿಲ್ಲ. ಆದರೆ ಒಂದೇ ಕ್ರಿಯಾಪದವನ್ನು ಹಿಡಿದು ಇಡೀ ವಾರ ಜಗ್ಗಾಡಿದವರು ಮಾತ್ರ ಅಮಾತೆಪ್ಪ ಮಾಸ್ತರರು ಒಬ್ಬರೇ. ಸೋಮವಾರ ಬೋರ್ಡಿನ ಮೇಲೆ ಬರೆದ ಶಬ್ದವನ್ನು ಶನಿವಾರದ ತನಕ ಒರೆಸಲು ಬಿಡುತ್ತಿರಲಿಲ್ಲ. ಟೇಕ್, ಗೆಟ್, ಪುಟ್, ಎಲ್ಲಕ್ಕೂ ಒಂದೊಂದು ವಾರ. ಅವುಗಳಲ್ಲಿ ರಾಜ ಎಂದರೆ 'ಕಾಲ್'. ಅದರಿಂದಲೇ ಊರವರು ಅವರನ್ನು ಹಿಂದಿನಿಂದ 'ಕಾಲ್ ಮಾಸ್ತರ' ಎನ್ನುತ್ತಿದ್ದರು.

ಕಾಲ್ ಎಂದರೆ ಕರೆ, ಮುಗಿಯಿತು ಎಂದ ಹುಡುಗನ ಕಿವಿ ಕೆಂಪಾಗುತ್ತಿತ್ತು. "ಲೇ, ಅಷ್ಟಕ್ಕ ಮುಗಿಯೂದಿಲ್ಲೋ ಅದು! ಬೀಗರ ಮನಿಗೆ ಹೋಗಿ ಬಾಗಲಾ ಬಡದ್ರ ಕಾಲ್ ಆನ್. ಅಲ್ಲಿ ಕೂತ ಗಳಿಗ್ಯಾಗ ವರದಕ್ಷಿಣಿ ಬೇಕಂದ್ರ ಕಾಲ್ ಫಾರ್. ಸಿಗಲಿಲ್ಲಂತ ಲಗ್ನಾ ಮುರದ್ರ ಕಾಲ್ ಆಫ್. ಮುದುಕಾದ ಮ್ಯಾಲೆ ಆ ಹುಡುಗಿನ್ನ ನೆನಸಿಕೊಂಡು ಕುಂತ್ರ ಕಾಲ್ ಅಪ್. ಆಕಿ ಅಣ್ಣ ಬಂದು ಓಣ್ಯಾಗ ನಿಂತು ಬೈದ್ರ ಕಾಲ್ ನೇಮ್ಸ್!" ಒಂದು ಮದುವೆ ಹುಟ್ಟಿ ಸತ್ತು ಬೀದಿಗೆ ಬೀಳುವುದರೊಳಗೆ ಕ್ರಿಯಾಪದ ಮುಗಿಯುತ್ತಿತ್ತು. ಮೊದಲನೆಯ ಅರ್ಥವನ್ನು ಮಾತ್ರ, ಅಂದರೆ ಹೆಸರು ಹಿಡಿದು ಕರೆಯುವುದನ್ನು, ಅವರು ಅರ್ಧ ನಿಮಿಷದಲ್ಲಿ ದಾಟಿಸುತ್ತಿದ್ದರು. "ಇದು ಎಲ್ಲಾರಿಗೂ ಗೊತ್ತಿದ್ದದ್ದ, ಮುಂದ ನಡೀರಿ" ಎನ್ನುತ್ತಿದ್ದರು.

ಅವರ ಹೆಂಡತಿ ಸಾವಿತ್ರೆವ್ವ ಕೆರೂರಿನವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಪಡಸಾಲೆಯಲ್ಲಿ ಟ್ಯೂಷನ್ ನಡೆದಾಗ ಒಳಗೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹುಡುಗರು ತಡವರಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಉತ್ತರ ತಯಾರಾಗಿರುತ್ತಿತ್ತು. ಆದರೆ ಇಷ್ಟೆಲ್ಲ 'ಕಾಲ್' ಇದ್ದ ಆ ಮನೆಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವುದೇ ಇರಲಿಲ್ಲ. ಅವಳು "ಏನ್ರಿ" ಎನ್ನುತ್ತಿದ್ದಳು. ಅವರು "ಏ, ಕೇಳಿತೇನ" ಎನ್ನುತ್ತಿದ್ದರು, ಇಲ್ಲವೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ರೂಢಿ. ಹೆಂಡತಿ ಬಾಯಿಬಿಟ್ಟು ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದಂತೆ. ಗಂಡ ಹೆಂಡತಿಯ ಹೆಸರು ಹಿಡಿದರೆ ಯಾರ ಆಯುಷ್ಯವೂ ಸವೆಯುವುದಿಲ್ಲ, ಆದರೆ ನಾಲ್ಕು ಜನ ನಗುತ್ತಾರೆ. ಗಂಡಸಿಗೆ ಅದು ಆಯುಷ್ಯ ಸವೆಯುವುದಕ್ಕಿಂತ ಹೆಚ್ಚು.

ಹೆಸರು ಹೇಳಲು ಇರುವುದು ಒಂದೇ ದಾರಿ, ಒಡಪು. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ ಹುಡುಗಿ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಮುಚ್ಚಿಟ್ಟು ದಾಟಿಸುತ್ತಾಳೆ. ಸಾವಿತ್ರೆವ್ವ ಅಂದು ಹೇಳಿದ್ದು ಹೀಗೆ:

"ಕೆರೂರ ಸಂತ್ಯಾಗ ತಂದೇನಿ ಸಕ್ಕರಿ ಅಚ್ಚ,
ಅಮಾತೆಪ್ಪರ ಹೆಸರ ನನಗ ಜೀವಕ್ಕಿಂತ ಹೆಚ್ಚ."

ಎಲ್ಲರೂ ಹೋ ಎಂದರು. ಗಂಡಿಗೂ ಹೇಳಿಸುವ ಪದ್ಧತಿ ಇದೆ. ಮಾಸ್ತರರು ಮಾತ್ರ, "ಇವೆಲ್ಲಾ ಹಳೀ ಕಾಲದ ಆಟ, ನಾ ಒಪ್ಪೂದಿಲ್ಲ" ಎಂದು ಟೋಪಿ ಸರಿಮಾಡಿಕೊಂಡು ಒಳಗೆ ನಡೆದುಬಿಟ್ಟಿದ್ದರು. ಸುಧಾರಣೆಯ ಹೆಸರಲ್ಲಿ ತಪ್ಪಿಸಿಕೊಳ್ಳುವುದು ಓದಿದವರಿಗೆ ಸುಲಭ.

ಎಂಬತ್ತನಾಲ್ಕರಲ್ಲಿ ಹುನಗುಂದದ ರಸ್ತೆಗೆ ಒಂದು ಕೆಂಪುಕಲ್ಲಿನ ಕಂಪನಿ ಶುರುವಾಯಿತು. ಗುಡ್ಡದಿಂದ ಬಂಡೆ ತಂದು, ಗರಗಸದಲ್ಲಿ ಕೊಯ್ದು, ಮದ್ರಾಸಿನ ಬಂದರಕ್ಕೆ ಕಳಿಸುವ ಕಂಪನಿ. ಮದ್ರಾಸು, ಮುಂಬಯಿಯಿಂದ ಬರುವ ಫೋನುಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು ಬೇಕಾಗಿದ್ದರು. ಮ್ಯಾನೇಜರ್ ಅಹ್ಮದಸಾಬರು ಮಾಸ್ತರರ ಹತ್ತಿರ ಯಾರಾದರೂ ಶಿಷ್ಯರನ್ನು ಕೇಳಲು ಬಂದರು. ಚಹಾ ತಂದ ಸಾವಿತ್ರೆವ್ವ ಅವರು ಮದ್ರಾಸಿನ ಕಾಗದ ನೋಡಿ ತಡವರಿಸುತ್ತ ಓದಿದ ಒಂದು ಇಂಗ್ಲಿಷ್ ಪ್ರಶ್ನೆಗೆ, ಗಂಡನಿಗಿಂತ ಮೊದಲು, ಬಾಗಿಲ ಹಿಂದಿನಿಂದಲೇ ಉತ್ತರ ಕೊಟ್ಟಳು. ಅಹ್ಮದಸಾಬರು ಚಹಾ ಮರೆತು, ಆ ಕೆಲಸ ಅವಳಿಗೇ ಎಂದರು. ಮಾಸ್ತರರು ಉಬ್ಬಿಹೋದರು. ಅವರ ತಾಯಿ ಗುರುಲಿಂಗವ್ವ ಎರಡು ದಿನ ಮುಖ ಊದಿಸಿಕೊಂಡಳು, ಮೂರನೆಯ ದಿನ ಸೊಸೆಗೆ ಬುತ್ತಿ ಕಟ್ಟಿಕೊಟ್ಟಳು.

ತಿಂಗಳೊಪ್ಪತ್ತಿನಲ್ಲಿ ಸಾವಿತ್ರೆವ್ವನಿಗೆ ಆ ಕೆಲಸ ಎಂದರೆ ಪ್ರಾಣವಾಯಿತು. ಕರಿ ಫೋನು, ಗಾಲಿ ಇರುವ ಕುರ್ಚಿ, ಒಂದು ಮೈಕು. ಹಿಂದಿನ ಅಂಗಳ ದೊಡ್ಡದು, ಗರಗಸದ ಸದ್ದಿನಲ್ಲಿ ಬಾಯಿ ಬಡಿದುಕೊಂಡರೂ ಕೇಳುವುದಿಲ್ಲ. ಅದಕ್ಕೇ ಕಂಬಕ್ಕೆ ಹಾರ್ನ್ ಕಟ್ಟಿದ್ದರು. ಯಾರಿಗಾದರೂ ಫೋನು ಬಂದರೆ ಅವಳು ಗುಂಡಿ ಒತ್ತಿ ಹೆಸರು ಕರೆಯಬೇಕು. ಗಾಳಿ ಈ ಕಡೆ ಬೀಸಿದರೆ ಅವಳ ದನಿ ಬಯಲು ದಾಟಿ ಹೈಸ್ಕೂಲಿನ ತನಕ ಬರುತ್ತಿತ್ತು. ಆಗ ಮಾಸ್ತರರು ಪಾಠ ನಿಲ್ಲಿಸಿ, ಹುಡುಗರಿಗೆ ಕೇಳಿಸಲಿ ಎಂದು ಕಿಟಕಿಯ ಕಡೆ ನೋಡುತ್ತಿದ್ದರು. ಇನ್ನೆರಡು ವಾರಕ್ಕೆ ಕೆಲಸ ಕಾಯಂ ಆಗುವುದಿತ್ತು.

ಒಂದೇ ಮುಳ್ಳು. ಅಂಗಳದಲ್ಲಿ ಇಬ್ಬರು ಕ್ರೇನ್ ಡ್ರೈವರುಗಳು. ಒಬ್ಬ ಮಲೀಕಸಾಬ. ಇನ್ನೊಬ್ಬ ಶಿರೂರಿನವನು, ಅವನ ಹೆಸರೂ ಅಮಾತೆಪ್ಪ. ಅವನಿಗೆ ಫೋನು ಬರುತ್ತಿದ್ದದ್ದು ಅಪರೂಪ. ಬಂದರೆ ಅವಳು ಮೈಕು ಮುಟ್ಟದೆ ಜವಾನ ಚಾಂದಸಾಬನನ್ನು ಓಡಿಸುತ್ತಿದ್ದಳು. ಯಾರಿಗೂ ಇದು ಗೊತ್ತಾಗಿರಲಿಲ್ಲ.

ಶ್ರಾವಣದ ಒಂದು ಗುರುವಾರ ಚಾಂದಸಾಬ ರಜೆಯಲ್ಲಿದ್ದ. ಅಹ್ಮದಸಾಬರು ಹುನಗುಂದಕ್ಕೆ ಹೋಗಿದ್ದರು. ಬೆಳಿಗ್ಗೆ ಫೋನು ಬಂತು. ಸೊಲ್ಲಾಪುರದಿಂದ ಟ್ರಂಕ್ ಕಾಲ್, ಅದೂ ಪಿ.ಪಿ. ಕಾಲ್, ಅಂದರೆ ಹೆಸರು ಹೇಳಿದ ಮನುಷ್ಯನೇ ಬಂದು ಮಾತಾಡಬೇಕು, ಬೇರೆಯವರಿಗೆ ಕೊಡುವುದಿಲ್ಲ. "ಅಮಾತೆಪ್ಪ ಅನ್ನೋರನ್ನ ಕರೀರಿ, ಲಗೂ," ಎಂದಿತು ಆಪರೇಟರಳ ದನಿ.

ಸಾವಿತ್ರೆವ್ವ ಮೈಕಿನ ಗುಂಡಿ ಒತ್ತಿದಳು. ಬಾಯಿ ತೆರೆದಳು. ಮುಚ್ಚಿದಳು. ಕೊನೆಗೆ, "ಕ್ರೇನಿನವ್ರು ಆಫೀಸಿಗೆ ಬರ್ರಿ" ಎಂದಳು. ಬಂದವನು ಮಲೀಕಸಾಬ. "ನೀವಲ್ರಿ, ಆ ಇನ್ನೊಬ್ರು" ಎಂದಳು. ಅವನು ವಾಪಸ್ಸು ಅಂಗಳ ಸುತ್ತಿ ಹೋಗಿ, ಅಮಾತೆಪ್ಪ ಕ್ರೇನಿನಿಂದ ಇಳಿದು, ಓಡಿ ಬಂದು ಫೋನು ಹಿಡಿಯುವಷ್ಟರಲ್ಲಿ ಲೈನು ಹೋಗಿತ್ತು.

"ನಮ್ಮ ಮನಿಯಾಕಿ ಸೊಲ್ಲಾಪುರದ ದವಾಖಾನ್ಯಾಗ ಅದಾಳ್ರಿ. ಇವತ್ತ ಹೊಟ್ಟಿ ಆಪರೇಶನ್," ಎಂದ. ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಇದ್ದ. "ಏನಾತ್ರಿ?"

"ಲೈನ್ ಕಟ್ ಆತ್ರಿ," ಎಂದಳು ಸಾವಿತ್ರೆವ್ವ.

ಅವನು ಲೈನಿಗೆ ಬೈದ. ಲೈನ್ ಎಳೆದವರಿಗೆ ಬೈದ. ಅವಳಿಗೆ "ನಿಮಗ ತ್ರಾಸಾತ್ರಿ ತಂಗಿ" ಎಂದು ಹೇಳಿ ಹೋದ. ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ. ಇಂಗ್ಲಿಷಿನಲ್ಲಿ ಮದ್ರಾಸಿನವರ ಜೊತೆ ಜಗಳಾಡಬಲ್ಲ ತಾನು ಒಂದು ಕನ್ನಡ ಹೆಸರು ಕರೆಯಲಾರದೆ ಹೋದೆನಲ್ಲ ಎಂದು ಕುರ್ಚಿಯಲ್ಲಿ ಕುಗ್ಗಿ ಕುಳಿತಳು. ಸೊಲ್ಲಾಪುರಕ್ಕೆ ಮರಳಿ ಫೋನು ಹಚ್ಚೋಣವೆಂದರೆ ನಂಬರು ಅವನ ಹತ್ತಿರವೂ ಇರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಫೋನು ಮತ್ತೆ ಬಡಿದುಕೊಂಡಿತು. ಅದೇ ಸೊಲ್ಲಾಪುರ, ಅದೇ ಪಿ.ಪಿ. ಈ ಸಲ ಆಪರೇಟರಳ ಮಾತಿನ ನಡುವೆ ಒಂದು ಗಂಡು ದನಿ ನುಗ್ಗಿತು. "ಅವ್ವಾರ, ನಾ ಅವರ ಹೆಂಡ್ತಿ ತಮ್ಮರಿ. ಮುಂಜಾನಿ ನಮ್ಮಕ್ಕ ತಾನ ಫೋನ್ ಹಚ್ಚಿಸಿದ್ಲು. ಒಳಗ ಒಯ್ಯೂಕಿಂತ ಮೊದಲ ಒಂದ ಸಲಾ ದನಿ ಕೇಳ್ತೇನಿ ಅಂದ್ಲು. ಕಾರಕೂನ ಹೆಸರ ಇಲ್ದ ಕಾಲ್ ಹತ್ತೂದಿಲ್ಲ ಅಂದ. ಆಕಿ ಜನ್ಮದಾಗ ಗಂಡನ ಹೆಸರ ಎತ್ತಿದಾಕಿ ಅಲ್ರಿ, ಎಲ್ಲಾರ ಮುಂದ ಸ್ಟ್ರೆಚರ್ ಮ್ಯಾಲೆ ಮಲಕೊಂಡು ಹೇಳಿದ್ಲು. ಅವ್ರು ಫೋನಿಗೆ ಬರಲಿಲ್ಲ. ಈಗರೆ ಕರೀರಿ!"

ಸಾವಿತ್ರೆವ್ವ ಮೈಕು ಎಳೆದುಕೊಂಡಳು. 'ಕ್ರೇನಿನವರು' ಎಂದರೆ ಮತ್ತೆ ಮಲೀಕಸಾಬನೇ ಬಂದಾನು. 'ಶಿರೂರಿನವರು' ಎಂದರೆ ಅರ್ಧ ಅಂಗಳ ಎದ್ದು ಬಂದೀತು. ಹೇಳಲೇಬೇಕು. ಹೇಳಬೇಕೆಂದು ಉಸಿರು ಎಳೆದಳು. ಆದರೆ ಆ ಹೆಸರು ಅವಳ ಬಾಯಿಂದ ಹೊರಬಿದ್ದಿದ್ದು ಜನ್ಮದಲ್ಲಿ ಒಂದೇ ಸಲ, ಒಂದೇ ದಾರಿಯಿಂದ. ನಾಲಿಗೆ ಆ ದಾರಿಯನ್ನೇ ಹಿಡಿಯಿತು. ಕಂಬದ ಮೇಲಿನ ಹಾರ್ನು ಇಡೀ ಇಳಕಲ್ಲಿಗೆ ಸಾರಿತು:

"ಕೆರೂರ ಸಂತ್ಯಾಗ ತಂದೇನಿ ಸಕ್ಕರಿ ಅಚ್ಚ, ಅಮಾತೆಪ್ಪರ ಹೆಸರ ನನಗ ಜೀವಕ್ಕಿಂತ ಹೆಚ್ಚ!"

ಗರಗಸದ ಸದ್ದಿನಲ್ಲಿ ಅದು ಯಾರನ್ನು ಕರೆದದ್ದೆಂದು ಅಂಗಳದವರಿಗೆ ತಿಳಿಯಲಿಲ್ಲ. ಅವಳು ಮತ್ತೆ ಹೇಳಿದಳು. ಮೂರನೆಯ ಸಲ ಯಾರೋ ಗರಗಸ ನಿಲ್ಲಿಸಿದರು. ಸದ್ದಿಲ್ಲದ ಅಂಗಳದಲ್ಲಿ ಸಕ್ಕರೆ ಅಚ್ಚು, ಜೀವಕ್ಕಿಂತ ಹೆಚ್ಚು ಎಲ್ಲ ಸ್ಪಷ್ಟವಾಗಿ ಮೊಳಗಿತು. ಆಮೇಲೆ ಅವಳದೇ ಹರಿದ ದನಿ, "ಕ್ರೇನಿನ ಅಣ್ಣಾರ, ಲಗೂ ಬರ್ರಿ, ಫೋನ್!"

ಅವನು ಕ್ರೇನಿನಿಂದ ಹಾರಿ ಬಂದ. ರಿಸೀವರ್ ಕಸಿದುಕೊಂಡು, ಸುತ್ತ ಯಾರಿದ್ದಾರೆಂದು ನೋಡದೆ ಕೂಗಿದ. "ಶಾರವ್ವ ಹೆಂಗದಾಳೋ? ಏ, ನಮ್ಮ ಶಾರವ್ವ ಹೆಂಗದಾಳ ಹೇಳೋ!" ಆ ಕಡೆಯ ಮಾತು ಕೇಳಿ ನೆಲಕ್ಕೆ ಕುಳಿತು, "ಶಾರವ್ವ ಉಳದ್ಲು" ಎಂದು ಅತ್ತ. ಸಾವಿತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಬ್ಬ ಗಂಡಸು ಹೆಂಡತಿಯ ಹೆಸರನ್ನು ಅಷ್ಟು ಜೋರಾಗಿ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಕಿಟಕಿಯ ತುಂಬ ಅಂಗಳದ ಗಂಡಸರ ಮುಖಗಳಿದ್ದವು. ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಹಳ ಜನ ನಗುತ್ತಿದ್ದರು.

ಅವತ್ತು ಗಾಳಿ ಹೈಸ್ಕೂಲಿನ ಕಡೆಗಿತ್ತು. ಮಾಸ್ತರರು ಒಂಬತ್ತನೆಯ ಇಯತ್ತೆಗೆ 'ಟೇಕ್' ಹೇಳುತ್ತಿದ್ದರು. ಹಾರ್ನು ಗರ್ ಎಂದಾಗ ವಾಡಿಕೆಯಂತೆ ಪಾಠ ನಿಲ್ಲಿಸಿ ಕಿಟಕಿಯ ಕಡೆ ಗೋಣು ಎತ್ತಿದರು. ಮೊದಲನೆಯ ಸಲ ಅವರಿಗೆ ನಂಬಿಕೆಯಾಗಲಿಲ್ಲ. ಎರಡನೆಯ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಮೂರನೆಯ ಸಲಕ್ಕೆ ಇಡೀ ಕ್ಲಾಸು ಬೆಂಚಿನ ಕೆಳಗೆ ತಲೆ ಹಾಕಿತ್ತು. "ಸೈಲೆನ್ಸ್!" ಎಂದರು. ದನಿ ಬೆಕ್ಕಿನ ಮರಿಯದಾಗಿತ್ತು.

ಊರಿಗೆ ಇನ್ನೇನು ಬೇಕು? ಸಂಜೆಯ ಚಹಾದಂಗಡಿಯಲ್ಲಿ, "ಮಾಸ್ತರ, ಸಕ್ಕರಿ ಎಷ್ಟ ಹಾಕ್ಲಿ, ಒಂದ ಅಚ್ಚ ಸಾಕ?" ಎಂದ ಒಬ್ಬ. ಇನ್ನೊಬ್ಬ, "ಒಡಪಾ ಹೇಳಿದ್ದು ಖರೆ, ಓಡಿ ಬಂದಾವ ಮಾತ್ರ ಬ್ಯಾರೆ ಅಮಾತೆಪ್ಪ ಅಂತ" ಎಂದ. ಆ ಮಾತು ಮಾಸ್ತರರಿಗೆ ಚೂರಿಯಂತೆ ಹೊಕ್ಕಿತು. ಚಹಾ ಬಿಟ್ಟು ಎದ್ದುಬಂದರು.

ಮನೆಯಲ್ಲಿ ಗುರುಲಿಂಗವ್ವನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವಳ ಚಿಂತೆ ಮಾನದ್ದಲ್ಲ, ಮಗನ ಆಯುಷ್ಯದ್ದು. ಮೂರು ಸಲ, ಅದೂ ಮೈಕಿನಲ್ಲಿ! ಒಡಪಿನಲ್ಲಿ ಹೇಳಿದರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಓಣಿಯ ಹಿರಿಯರನ್ನು ಕೇಳಿ ಬಂದಿದ್ದಳು, ಒಬ್ಬರದೊಂದು ಮಾತು. ಯಾವುದಕ್ಕೂ ಇರಲಿ ಎಂದು ಮಗನನ್ನು ಮಣೆಯ ಮೇಲೆ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕ್ಲಾಸಿನಲ್ಲಿ ಮೂಢನಂಬಿಕೆಯನ್ನು ದಿನಾ ಸುಡುತ್ತಿದ್ದ ಮಾಸ್ತರರು ಘಾಟಿಗೆ ಕೆಮ್ಮುತ್ತ ಸುಮ್ಮನೆ ಕೂತಿದ್ದರು.

ಆಮೇಲೆ ಹೆಂಡತಿಯ ಮುಖ ನೋಡದೆ ಗೋಡೆಗೆ ಹೇಳಿದರು. "ನಾಳಿಂದ ಆಫೀಸು ಬಂದ್."

ಸಾವಿತ್ರೆವ್ವ ಎಲ್ಲವನ್ನೂ ಹೇಳಿದಳು. ಬೆಳಗಿನ ಕಾಲ್ ಹೇಳಿದಳು, ಸ್ಟ್ರೆಚರಿನ ಮೇಲಿನ ಶಾರವ್ವನನ್ನು ಹೇಳಿದಳು. "ಲೈನ್ ತಾನಾಗಿ ಕಟ್ ಆಗಿದ್ದಿಲ್ರಿ. ನಾ ಹೆಸರ ಹಿಡದು ಕರೀಲಿಲ್ಲ. ಆಕಿ ಒಳಗ ಸತ್ತಿದ್ರ ನನ್ನ ಕೊರಳಿಗೆ ಬರ್ತಿತ್ತು. ಸಂಜಿಕ ಕರೀಬೇಕಂದೆ, ಬಾಯಿ ತನ್ನ ದಾರೀಲೆ ತಾ ಹೋತು."

"ಪರಗಂಡಸಿಗಿ ಒಡಪಾ ಹೇಳಿದಿ! ನನ್ನ ಮಾನ ಏನಾತು?"

"ಹೆಸರು ನಿಮ್ದರಿ. ನನಗ ಆ ಹೆಸರ ಬ್ಯಾರೆ ಯಾರದೂ ಅಲ್ಲ."

ಮಾಸ್ತರರು ಎದ್ದು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಅವಳು ಮುಖ ತಿರುಗಿಸಿ ಅತ್ತಳು. ಆ ಕರಿ ಫೋನು, ಗಾಲಿಯ ಕುರ್ಚಿ ಕಣ್ಣಮುಂದಿದ್ದವು.

ಮರುದಿನ ಶಾಲೆಗೆ ಮೊದಲು ಮಾಸ್ತರರು ತಾವೇ ಕಂಪನಿಗೆ ಹೋದರು. ಹೆಂಡತಿ ಕೆಲಸ ಬಿಡುತ್ತಾಳೆಂದು ಹೇಳಬೇಕಲ್ಲ, ಗಂಡಸಿನ ಕೆಲಸ ಅದು. ಗೇಟಿನಲ್ಲಿ ಕಾಲಿಡುವಷ್ಟರಲ್ಲಿ ಹಾರ್ನು ಗುಡುಗಿತು. ರಜೆ ಮುಗಿಸಿ ಬಂದ ಚಾಂದಸಾಬ ಮೈಕು ಹಿಡಿದಿದ್ದ. "ಲೇ ಅಮಾತೆಪ್ಪಾ! ಎಲ್ಲಿ ಸತ್ತೀಯೋ ಅಮಾತೆಪ್ಪಾ!" ಮಾಸ್ತರರು ಬೆಚ್ಚಿ "ಆಂ?" ಎಂದರು. ಕಲ್ಲು ಒಡೆಯುವವರು ನಕ್ಕರು.

ಅಹ್ಮದಸಾಬರು ಹೊರಗೆ ಬಂದರು. "ಬರ್ರಿ ಮಾಸ್ತರ. ನಿಮ್ಮ ಮನಿಯವ್ರು ಎಲ್ಲಿ? ಮುಂಜಾನಿಂದ ನಾನ ಫೋನ್ ಎತ್ತಾಕತ್ತೀನಿ. ಯಸ್ಸು, ನೋ ಬಿಟ್ರ ಏನೂ ಬರವಲ್ದು. ಮದ್ರಾಸಿನವ ಏನೋ ಕೇಳಿದ, ಯಸ್ ಅಂದೀನಿ, ಏನ ಮಾರೀನಿ ಗೊತ್ತಿಲ್ಲ."

ಮಾಸ್ತರರು ಬಾಯಿ ತೆರೆಯುವುದರೊಳಗೆ ಕ್ರೇನಿನ ಅಮಾತೆಪ್ಪ ಬಂದ. ಕೈಯಲ್ಲಿ ಚೀಲವಿತ್ತು, ಸೊಲ್ಲಾಪುರದ ಲಾರಿ ಹತ್ತಲು ಹೊರಟಿದ್ದ. ಮಾಸ್ತರರನ್ನು ಕಂಡವನೇ ಚೀಲ ಕೆಳಗಿಟ್ಟ. ಜಗಳ ತೆಗೆಯುತ್ತಾನೋ, ನಗುತ್ತಾನೋ ಎಂದು ಮಾಸ್ತರರು ಮೈ ಬಿಗಿ ಹಿಡಿದರು. ಅವನು ಬಾಗಿ ಅವರ ಕಾಲು ಮುಟ್ಟಿದ.

"ಮಾಸ್ತರ, ಊರ ಮಂದಿ ಆಡೂದು ನನ್ನ ಕಿವಿಗೂ ಬಿದ್ದೈತಿ. ನನ್ನ ಹೆಸರ ಬ್ಯಾರೆ ಇದ್ದಿದ್ರ ನಿಮಗ ಈ ತ್ರಾಸ ಇರತಿದ್ದಿಲ್ಲ. ನಮ್ಮಪ್ಪ ಈ ಹೆಸರ ಇಟ್ಟ, ತಪ್ಪು ನಂದ ಅಂತ ತಿಳೀರಿ. ತಂಗಿಗೆ ಏನೂ ಅನಬ್ಯಾಡ್ರಿ."

ತನ್ನ ಹೆಸರಿಗಾಗಿ ಒಬ್ಬ ಮನುಷ್ಯ ಕ್ಷಮೆ ಕೇಳುತ್ತಿದ್ದ. ಮಾಸ್ತರರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವನು ಚೀಲ ಎತ್ತಿಕೊಂಡು, "ಮುಂಜಾನಿ ಆ ಹಾಳ ಲೈನ್ ಕಟ್ ಆಗದಿದ್ರ ನಮ್ಮ ಶಾರವ್ವನ ಕೂಡನ ಮಾತಾಡ್ತಿದ್ದೆ. ಇರ್ಲಿ, ಈಗ ಹೋಗಿ ಆಕಿ ಹೆಸರ ಹಿಡದು ಕರೀತೇನಿ" ಎಂದು ಲಾರಿಯ ಕಡೆ ನಡೆದ. ಲೈನು ಯಾಕೆ ಹೋಯಿತೆಂದು ಆ ಗೇಟಿನಲ್ಲಿ ಗೊತ್ತಿದ್ದವರು ಮಾಸ್ತರರು ಒಬ್ಬರೇ. ಹೇಳುವ ಧೈರ್ಯ ಅವರಿಗಾಗಲಿಲ್ಲ.

"ಏನರೆ ಕೆಲಸಿತ್ತೇನ್ರಿ?" ಎಂದರು ಅಹ್ಮದಸಾಬರು.

"ಏನಿಲ್ರಿ. ಆಕಿ ಸ್ವಲ್ಪ ತಡಾ ಮಾಡಿ ಬರ್ತಾಳ. ಹೇಳಿ ಹೋಗೂಣಂತ ಬಂದೆ," ಎಂದರು ಮಾಸ್ತರರು.

ಮನೆಗೆ ಬಂದಾಗ ಗುರುಲಿಂಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ರೊಟ್ಟಿ ಬಡಿಯುವ ಸದ್ದು. ಮಾಸ್ತರರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮಿದರು. ಅವಳು ತಿರುಗಲಿಲ್ಲ.

"ಏ, ಕೇಳಿತೇನ? ಆಫೀಸಿಗೆ ಹೋಗು. ಅಹ್ಮದಸಾಬ್ರು ಕಾಯಾಕತ್ತಾರ."

"ಯಾರಿಗಿ ಹೇಳಾಕತ್ತೀರಿ?" ಎಂದಳು ಸಾವಿತ್ರೆವ್ವ, ಬೆನ್ನು ತಿರುಗಿಸಿದಂತೆಯೇ.

ಅಡುಗೆಮನೆಯಲ್ಲಿ ಅವಳಲ್ಲದೆ ಇನ್ಯಾರೂ ಇರಲಿಲ್ಲ. ಮಾಸ್ತರರು ಹಿಂದೆ ನೋಡಿದರು. ಗುರುಲಿಂಗವ್ವ ಮೊರ ಹಿಡಿದ ಕೈ ನಿಲ್ಲಿಸಿ ಮಗನನ್ನೇ ನೋಡುತ್ತಿದ್ದಳು. ಆಚೆ ಕಟ್ಟೆಯ ಮೇಲೆ ಟ್ಯೂಷನ್ನಿನ ಹುಡುಗರು ಬಂದು ಕೂತಿದ್ದರು. ಮಾಸ್ತರರ ಕಿವಿ ಬಿಸಿಯಾಯಿತು. ತುಟಿ ಒದ್ದೆ ಮಾಡಿಕೊಂಡರು. ಮದುವೆಯಲ್ಲಿ ಟೋಪಿ ಸರಿಮಾಡಿಕೊಂಡು ದಾಟಿಬಂದ ಬಾಗಿಲು ಇಷ್ಟು ವರ್ಷದ ಮೇಲೆ ಎದುರಿಗೆ ಬಂದು ನಿಂತಿತ್ತು.

"ಸಾವಿತ್ರೀ," ಎಂದರು, ಪಿಸುಮಾತಿನಲ್ಲಿ.

"ಕೇಳಿಸ್ಲಿಲ್ರಿ," ಎಂದಳು ಅವಳು. ಕೈ ರೊಟ್ಟಿ ಬಡಿಯುತ್ತಲೇ ಇತ್ತು.

ಮಾಸ್ತರರು ಮತ್ತೆ ಬಾಯಿ ತೆರೆದರು. ಬರೀ ಗಾಳಿ ಬಂತು. ಒಂದು ಊರಿನ ಗರಗಸಗಳ ಮೇಲೆ ಅವಳು ಅವರ ಹೆಸರನ್ನು ಮೂರು ಸಲ ದಾಟಿಸಿದ್ದಳು. ಅವರಿಗೆ ಒಂದು ರೊಟ್ಟಿಯ ಸದ್ದು ದಾಟಲಾಗಲಿಲ್ಲ.